ವರ್ಷ ಓಡಿಸಿದ ಮೇಲೆ ಹೇಳಿ

ಅವರು ತೀರಿಕೊಂಡ ಮಾರನೆಯ ದಿನ ನಮ್ಮದೇ ಪತ್ರಿಕೆಯಲ್ಲಿ ಅರ್ಧ ಪುಟದ ಶ್ರದ್ಧಾಂಜಲಿ ಜಾಹೀರಾತು ಬಂತು. ಕೊಟ್ಟವರು ತುಮಕೂರಿನ ಒಂದು ಸ್ಕೂಟರ್ ಶೋರೂಮಿನವರು. 'ವಾಹನಪ್ರಿಯರ ಮಾರ್ಗದರ್ಶಕ, ನಮ್ಮ ಸಂಸ್ಥೆಯ ಆತ್ಮೀಯ ಹಿತೈಷಿ' ಎಂದು ದಪ್ಪ ಅಕ್ಷರ. ಎಡಗಡೆ ಎದೆಯವರೆಗೆ ಅವರ ಫೋಟೋ, ಬಲಗಡೆ ಹಾರ ಹಾಕಿದ ಹೊಸ ಮಾಡೆಲ್ ಸ್ಕೂಟರ್, ಕೆಳಗೆ ಸಣ್ಣದಾಗಿ ಆಯುಧಪೂಜೆಯ ವಿಶೇಷ ಕೊಡುಗೆ. ಹಿತೈಷಿಯಂತೆ! ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಆ ಫೋಟೋ ತೆಗೆದವಳು ನಾನು. ಅದರಲ್ಲಿ ಅವರು ಬಲಗೈಯನ್ನು ಮುಂದಕ್ಕೆ ಚಾಚಿದ್ದರು. ಆ ಕೈಯಲ್ಲಿ ಅದೇ ಕಂಪನಿಯ ಸ್ಕೂಟರಿನ ಮುರಿದ ಬ್ರೇಕ್ ಲಿವರ್ ಇತ್ತು. ಶೋರೂಮಿನವರು ಕೈಯನ್ನೂ ಲಿವರನ್ನೂ ಕತ್ತರಿಸಿ ಎಸೆದು, ಉಳಿದ ಮನುಷ್ಯನನ್ನು ತಮ್ಮ ಸ್ಕೂಟರಿನ ಪಕ್ಕ ನಿಲ್ಲಿಸಿಕೊಂಡಿದ್ದರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹೆಸರು ಇನ್ನೊಂದು ಚೂರು ದೊಡ್ಡದಾಗಿ ಬರಬೇಕು ಎಂದು ವಾರವಾರವೂ ನನ್ನ ಜೊತೆ ಜಗಳ ಆಡುತ್ತಿದ್ದ ಮನುಷ್ಯ ಅವರು. ಆದರೆ ಆ ಜಾಹೀರಾತಿನಲ್ಲಿ ಅಷ್ಟು ದೊಡ್ಡದಾಗಿ ಬಂದ ಮೇಲೆ ನನ್ನ ಕೈಯಿಂದ ಅದನ್ನು ಬರೆಯಲು ಮನಸ್ಸಾಗುತ್ತಿಲ್ಲ.

ನಾನು ಆ ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸದಲ್ಲಿದ್ದವಳು. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದೆ. ಅವರು ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಾರಕ್ಕೊಮ್ಮೆ ಬರುವ ವಾಹನ ಪುಟ ಅವರದು. ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಬಣ್ಣ ಹಚ್ಚಿದ ಮೀಸೆ, ಕಂಕುಳಲ್ಲಿ ಮಳೆ ಇಲ್ಲದ ದಿನವೂ ಒಂದು ಕೊಡೆ. ಬರೆದದ್ದರಲ್ಲಿ ಒಂದು ಸಾಲು ಕತ್ತರಿಸಿದರೂ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಇಷ್ಟೆಲ್ಲ ಗತ್ತಿನ ಮನುಷ್ಯನಿಗೆ ಸೈಕಲ್ ಬಿಟ್ಟರೆ ಇನ್ನಾವ ಗಾಡಿಯನ್ನೂ ಓಡಿಸಲು ಬರುತ್ತಿರಲಿಲ್ಲ.

"ಗಾಡಿ ಓಡ್ಸಕ್ಕೇ ಬರಲ್ಲ, ಗಾಡಿ ಬಗ್ಗೆ ಬರೀತೀರಲ್ಲ ಸಾರ್, ನಾಚ್ಕೆ ಆಗಲ್ವಾ?" ಎಂದು ನಾನೊಮ್ಮೆ ರೇಗಿಸಿದ್ದೆ.

"ಓಡ್ಸೋರು ಊರ್ ತುಂಬ ಅವ್ರೆ ಕಣಮ್ಮ," ಎಂದರು. "ಅವ್ರನ್ನ ಕೇಳೋ ಗಿರಾಕಿ ಒಬ್ಬನೂ ಇಲ್ಲ. ನಾನು ಕೇಳ್ತೀನಿ. ಅದ್ಕೇನು ಲೈಸೆನ್ಸ್ ಬೇಕಾ?"

ಕೇಳುವುದಕ್ಕೆ ಅವರದೇ ಒಂದು ಕ್ರಮವಿತ್ತು. ಆಯುಧಪೂಜೆಯ ದಿನ ಬೆಳಿಗ್ಗೆಯೇ ಬಂದು ಗುಬ್ಬಿ ರಸ್ತೆಯ ಒಂದು ಆಂಜನೇಯನ ಗುಡಿಯ ಮುಂದೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಬಾಳೆಕಂದು ಕಟ್ಟಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟುಕೊಂಡು ಪೂಜೆಗೆ ಸಾಲು ನಿಂತ ಗಾಡಿಗಳಲ್ಲಿ ಹೊಸದನ್ನು ಬಿಟ್ಟು ಹಳೆಯದರ ಹತ್ತಿರ ಹೋಗುತ್ತಿದ್ದರು. ಹೋದ ಹಬ್ಬಕ್ಕೆ ತಗೊಂಡಿದ್ದಾ? ವರ್ಷ ಆಯ್ತಲ್ಲ, ಈಗ ಹೇಳಿ. ಶೋರೂಮಿನವರು ಹೇಳಿದ್ದು ನಿಜವಾಯ್ತಾ? ಮಳೆಗಾಲದಲ್ಲಿ ಹೇಗಿತ್ತು? ಎಲ್ಲಿ ಕೈ ಕೊಟ್ಟಿತು? ಜನ ಕುಂಬಳಕಾಯಿ ಒಡೆಯುವುದನ್ನು ನಿಲ್ಲಿಸಿ ಹೇಳುತ್ತಿದ್ದರು. ಹೇಳುವುದು ಅವರ ಹೊಟ್ಟೆಯಲ್ಲಿ ಅಷ್ಟಿರುತ್ತಿತ್ತು. ಪೂಜೆ ಮುಗಿಸಿದವರು ಕೊಟ್ಟ ಕಡ್ಲೆಪುರಿಯನ್ನು ಚೀಲದಲ್ಲಿ ತುಂಬಿಕೊಂಡು ಬಂದು ನಮ್ಮ ಮೇಜಿನ ಮೇಲೆ ಸುರಿದು, ತಿನ್ನುತ್ತಾ ಬರೆಯಲು ಕೂರುತ್ತಿದ್ದರು. ವರ್ಷ ಓಡದ ಗಾಡಿಯ ಬಗ್ಗೆ ಅವರು ಒಂದು ಅಕ್ಷರ ಬರೆದವರಲ್ಲ.

ಸಂಪಾದಕರಿಗೆ ಇದು ದೊಡ್ಡ ತಲೆನೋವು. ಬೇರೆ ಪತ್ರಿಕೆಗಳಲ್ಲಿ ಗಾಡಿ ಬಿಡುಗಡೆಯಾದ ದಿನವೇ 'ಅದ್ಭುತ', 'ರಸ್ತೆಯ ರಾಜ' ಎಂದು ಬಣ್ಣದ ಪುಟ ಬರುತ್ತದೆ. ಮೊಬೈಲಿನಲ್ಲಂತೂ ಕೀಲಿ ಕೈಗೆ ಬಂದ ಅರ್ಧ ಗಂಟೆಗೆ ಗಾಡಿಯ ಜಾತಕ ಓದಿಬಿಡುತ್ತಾರೆ. ಒಂದು ಸಲ ಸಂಪಾದಕರು ಬಲವಂತ ಮಾಡಿ ಇವರನ್ನು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ನಡೆದ ಕಾರು ಬಿಡುಗಡೆಗೆ ಕಳಿಸಿದರು. ಹೊಗೆ ಬಿಟ್ಟು, ಹಾಡು ಹಾಕಿ, ಕಾರಿನ ಮೇಲಿನ ಬಟ್ಟೆ ಎಳೆದರಂತೆ. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಇವರು ಕೊಡೆ ಊರಿಕೊಂಡು ಎದ್ದು ನಿಂತು, "ಇದಕ್ ಮುಂಚೆ ಒಂದು ಕಾರು ಬಿಟ್ರಲ್ಲ ಸ್ವಾಮಿ, ಅದನ್ನ ತಗೊಂಡೋರು ಈಗೇನಂತಾರೆ?" ಎಂದು ಕೇಳಿದರು. ಕಂಪನಿಯವನು ಇಂಗ್ಲಿಷಿನಲ್ಲಿ ಏನೋ ಅಂದ. ಅಕ್ಕಪಕ್ಕದಲ್ಲಿ ಕೂತಿದ್ದ ಪತ್ರಕರ್ತರು ನಕ್ಕರು. ಮಾರನೆಯ ದಿನ ಇವರು ಕೊಟ್ಟ ವರದಿ ಇಷ್ಟೇ: 'ಬೆಂಗಳೂರಿನಲ್ಲಿ ಹೊಸ ಕಾರು ಬಿಡುಗಡೆಯಾಯಿತು. ಬಣ್ಣ ಚೆನ್ನಾಗಿದೆ. ಊಟವೂ ಚೆನ್ನಾಗಿತ್ತು. ಕಾರು ಹೇಗಿದೆ ಎಂಬುದನ್ನು ಕೊಂಡವರು ವರ್ಷ ಓಡಿಸಿದ ಮೇಲೆ ಬರೆಯುತ್ತೇನೆ.' ಸಂಪಾದಕರು ಕೂಗಾಡಿದ್ದು ಕೆಳಗಿನ ಚಹಾ ಅಂಗಡಿಗೂ ಕೇಳಿಸಿತು.

ಅಲ್ಲಿ ಕೊಟ್ಟ ಉಡುಗೊರೆ ಚೀಲವನ್ನು ಇವರು ಕುರ್ಚಿಯ ಮೇಲೇ ಬಿಟ್ಟು ಬಂದಿದ್ದರು. ಒಳಗಿದ್ದ ಪೆನ್ನನ್ನು ಮಾತ್ರ ಎತ್ತಿಕೊಂಡಿದ್ದರು. "ಪೆನ್ನು ಬರೆಯೋ ಸಾಮಾನು, ಅದು ಲಂಚ ಅಲ್ಲ" ಎಂದು ನನ್ನ ಹತ್ತಿರ ವಾದ. ಹೋಗಲಿ ಬಿಡಿ, ಅವರೇನೂ ದೇವರಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಹಳೆಯ ಕಾಲದ ಮಾತು ಬರುತ್ತಿತ್ತು. ಅವರ ತಂದೆ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದರಂತೆ. ಕೊನೆಗೆ ಬಂದ ಗಾಡಿಯನ್ನು ಒಂದು ಕಡೆಗೆ ವಾಲಿಸಿ ಒದ್ದರೇ ಹೊತ್ತಿಕೊಳ್ಳುತ್ತಿತ್ತು. ಬೇಡ ಅನ್ನುವ ಹಾಗಿರಲಿಲ್ಲ, ಹಿಂದೆ ಕಾಯುವವರು ಅಷ್ಟು ಜನ. ಈಗ ಅಂಗಡಿಗೊಂದು ಮಾಡೆಲ್ಲು, ಬೀದಿಗೊಂದು ಶೋರೂಮು, ಬೆಳಿಗ್ಗೆ ಕೇಳಿದರೆ ಸಂಜೆಗೆ ಗಾಡಿ ಮನೆ ಮುಂದೆ. "ಏನ್ ಬದ್ಲಾಯ್ತು ಹೇಳು?" ಎಂದು ಅನ್ನದ ಕೈ ಎತ್ತಿ ಕೇಳುತ್ತಿದ್ದರು. "ಆಗ ಕಾಯ್ಸಿ ಕಾಯ್ಸಿ ಮಾರ್ತಿದ್ರು. ಈಗ ಯೋಚ್ನೆ ಮಾಡಕ್ಕೂ ಬುಡ್ದೆ ಮಾರ್ತಾರೆ. ತಗೊಂಡೋನು ಬಾಯ್ ಬುಟ್ರೆ ಆಗ್ಲೂ ಕೇಳೋರಿಲ್ಲ, ಈಗ್ಲೂ ಕೇಳೋರಿಲ್ಲ." ಹೊರದೇಶಕ್ಕೆ ಕಳಿಸುವ ಕಾರಿಗೆ ಹಾಕುತ್ತಿದ್ದ ಏರ್‌ಬ್ಯಾಗನ್ನು ನಮ್ಮೂರಿಗೆ ಮಾರುವ ಅದೇ ಕಾರಿನಿಂದ ಕಿತ್ತುಹಾಕುತ್ತಿದ್ದ ಕಾಲವನ್ನು ನೆನೆಸಿಕೊಂಡರೆ ಅವರ ಊಟ ಅರ್ಧಕ್ಕೇ ನಿಲ್ಲುತ್ತಿತ್ತು. "ನಮ್ಮ ತಲೆ ಏನು ಸಗಣಿ ಉಂಡೆನಾ?" ಎಂದು ಡಬ್ಬಿ ಮುಚ್ಚಿಬಿಡುತ್ತಿದ್ದರು.

ಅವರಿಗೆ ಅದಕ್ಕಿಂತ ಸಿಟ್ಟು ಬರಿಸುತ್ತಿದ್ದದ್ದು ನಮ್ಮ ಸುದ್ದಿಮನೆಯ ಒಂದು ಮಾತು. ಅಪಘಾತದ ಸುದ್ದಿ ಬಂತೆಂದರೆ ಅದರಲ್ಲಿ 'ಚಾಲಕನ ನಿಯಂತ್ರಣ ತಪ್ಪಿ' ಅಂತ ಇದ್ದೇ ಇರುತ್ತದೆ. ಬಸ್ಸಾಗಲಿ, ಲಾರಿಯಾಗಲಿ, ಸ್ಕೂಟರಾಗಲಿ, ಬಿದ್ದವನ ನಿಯಂತ್ರಣವೇ ತಪ್ಪಿರಬೇಕು. ಪ್ರಿಂಟ್ ತೆಗೆದ ಪುಟವನ್ನು ಹಿಡಿದುಕೊಂಡು ವರದಿಗಾರರ ಮೇಜಿಗೆ ಹೋಗಿ ನಿಲ್ಲುತ್ತಿದ್ದರು.

"ನಿಯಂತ್ರಣ ಯಾಕ್ ತಪ್ತು ಅಂತ ಕೇಳಿದ್ರೇನ್ರೀ?"

"ಪೊಲೀಸ್ನೋರು ಹಂಗೇ ಕೊಟ್ಟವ್ರೆ ಸಾರ್."

"ಪೊಲೀಸ್ನೋರು ಗಾಡಿ ಬಿಚ್ಚಿ ನೋಡಿದ್ರಾ? ಬ್ರೇಕ್ ಹಿಡಿದ್ರಾ? ಇಲ್ಲ. ಬಿದ್ದೋನು ಆಸ್ಪತ್ರೇಲಿ ಮಲಗವ್ನೆ, ಅವನ ಮೇಲೆ ಹಾಕ್ಬುಟ್ರೆ ಎಲ್ರಿಗೂ ಸಲೀಸು. ಥೂ!"

ವರದಿಗಾರರು ತಲೆ ತಗ್ಗಿಸಿಕೊಂಡು ಟೈಪ್ ಮಾಡುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ನಿಯಂತ್ರಣ, ಅದೇ ತಪ್ಪುವುದು.

ಹೋದ ವರ್ಷದ ಆಯುಧಪೂಜೆಗೆ ನಾನೂ ಅವರ ಜೊತೆ ಗುಡಿಯ ಮುಂದೆ ನಿಂತಿದ್ದೆ. ಅವರ ಫೋನಿನ ಕ್ಯಾಮೆರಾ ಕೆಟ್ಟಿತ್ತು, ಫೋಟೋಗೆ ನೀನು ಬಾ ಎಂದಿದ್ದರು. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬಾತ ಸ್ಕೂಟರ್ ನಿಲ್ಲಿಸಿ, ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ ಮುಂದಿನ ಬ್ರೇಕಿನ ಲಿವರ್ ಇತ್ತು. ಹ್ಯಾಂಡಲಿಗೆ ಸೇರುವ ಬುಡದಲ್ಲೇ ಮುರಿದಿತ್ತು.

"ನಾಯಿ ಅಡ್ಡ ಬಂತು ಸಾ, ಜೋರಾಗ್ ಹಿಡ್ದೆ, ಕೈಗೇ ಬಂದ್ಬುಡ್ತು. ಶೋರೂಮ್ನೋರು ನೀನೇ ಎಲ್ಲೋ ಗಾಡಿ ಕೆಡವಿದೀಯ ಅಂತವ್ರೆ. ನಮ್ಮ ಶಿಫ್ಟ್‌ನಾಗೇ ಇನ್ನೊಬ್ಬಂದೂ ಹಿಂಗೇ ಆಗೈತೆ ಸಾ."

ಇವರು ಲಿವರನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬಿಸಿಲಿಗೆ ಮುಖ ಕಿವುಚಿಕೊಂಡು ಅದನ್ನು ಕ್ಯಾಮೆರಾದ ಮುಂದೆ ಹಿಡಿದರು. "ನನ್ ಮುಖ ಬಂದ್ರೆ ಬರ್ಲಿ ಬುಟ್ರೆ ಬುಡ್ಲಿ, ಇದು ಕಾಣ್ಬೇಕು," ಎಂದರು. ಆ ಫೋಟೋ ಅದು.

ಮುಂದೆ ದೀಪಾವಳಿಯವರೆಗೂ ಅವರು ಕೂತಲ್ಲಿ ಕೂರಲಿಲ್ಲ. ಅಂತರಸನಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳ ಗೇಟಿನಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಹೋಗಿ ನಿಂತರು. ಅದೇ ಸ್ಕೂಟರ್ ಇಟ್ಟುಕೊಂಡವರನ್ನೆಲ್ಲ ಮಾತಾಡಿಸಿದರು. ಮುರಿದವರೂ ಸಿಕ್ಕರು, ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದನ್ನು ಗಮನಿಸದೆ ಓಡಿಸುತ್ತಿದ್ದವರೂ ಸಿಕ್ಕರು. ಶೋರೂಮಿಗೂ ಹೋಗಿ ಕೇಳಿದರು. ಕಂಪನಿಯನ್ನು ಕೇಳಬೇಕು, ನಮಗೇನೂ ಗೊತ್ತಿಲ್ಲ ಎಂದು ಅಲ್ಲಿಯವರು ಅಂದರು. ಇವರು ಕಂಪನಿಗೂ ಬರೆದರು. ಉತ್ತರವಿಲ್ಲ. ದೀಪಾವಳಿ ಪುರವಣಿಗೆ ಲೇಖನ ತಯಾರಾಯಿತು. 'ಮುಂದಿನ ಬ್ರೇಕ್ ಹಿಡಿದು ನೋಡಿ' ಎಂದು ತಲೆಬರಹ. ಬಿರುಕು ಎಲ್ಲಿ ಬರುತ್ತದೆ, ಹೇಗೆ ನೋಡಬೇಕು, ಕಂಡರೆ ಏನು ಮಾಡಬೇಕು ಎಂದು ಯಾರಿಗೂ ತಿಳಿಯುವ ಹಾಗೆ ಬರೆದಿದ್ದರು. ಹೆಸರು ದೊಡ್ಡದು ಮಾಡು ಎಂದು ಆ ಸಲ ಕೇಳಲಿಲ್ಲ. "ಫೋಟೋ ದೊಡ್ಡದಿರ್ಲಿ ಕಣಮ್ಮ," ಎಂದರು.

ನಾನು ಪುಟ ಕಟ್ಟಿ ಮುಗಿಸಿದ್ದೆ. ಜಾಹೀರಾತು ವಿಭಾಗದವರು ಓಡಿ ಬಂದರು. ಅದೇ ಕಂಪನಿಯ ಪೂರ್ತಿ ಪುಟದ ಜಾಹೀರಾತು ಬಂದಿತ್ತು. ಪತ್ರಿಕೆಯ ಮಾಲೀಕರೇ ಖುದ್ದಾಗಿ ನನ್ನ ಹಿಂದೆ ಬಂದು ನಿಂತು, ಲೇಖನವನ್ನು ತೆಗೆ ಎಂದರು. ಇದರಿಂದ ಯಾರಿಗಾದರೂ ಅನಾಹುತ ಆದರೆ ಎಂದು ನಾನು ಕೇಳಿದೆ. "ನೀನು ಪುಟ ಕಟ್ಟಮ್ಮ, ಪತ್ರಿಕೆ ನಾನು ನಡೆಸ್ತೀನಿ," ಎಂದರು. ನಾನು ಕುರ್ಚಿ ಬಿಟ್ಟು ಎದ್ದೆ. ಪಕ್ಕದ ಮೇಜಿನವನನ್ನು ಕೂರಿಸಿ ತೆಗೆಸಿದರು. ಲೇಖನವಿದ್ದ ಜಾಗದಲ್ಲೇ ಸ್ಕೂಟರ್ ಬಂದು ಕೂತಿತು. ಹಿಂಬದಿ ಸೀಟಿನಲ್ಲಿ ಒಬ್ಬಳು ಚೆಲುವೆ ಕೈ ಬೀಸುತ್ತಿದ್ದಳು.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಒಳಪುಟದಲ್ಲಿ ಬೆರಳಿನಷ್ಟುದ್ದದ ಸುದ್ದಿ ಬಂತು: ನಿಯಂತ್ರಣ ತಪ್ಪಿ ಸ್ಕೂಟರ್ ಸವಾರೆಗೆ ಗಾಯ. ಊರ್ಡಿಗೆರೆ ಕಡೆಯ ಸವಿತಾ ಎಂಬ ಹೆಂಗಸು, ವಸಂತನರಸಾಪುರದ ಕಾರ್ಖಾನೆಗೆ ಹೋಗುತ್ತಿದ್ದವಳು. ಯಾವ ಸ್ಕೂಟರ್ ಎಂದು ಬರೆದಿರಲಿಲ್ಲ. ಇವರು ವಿಚಾರಿಸಿದರು, ಅದೇ ಸ್ಕೂಟರ್. ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಆಕೆಯ ಬಲಗೈ ಮೊಣಕೈ ಹತ್ತಿರ ಮುರಿದು ಕಟ್ಟು ಹಾಕಿದ್ದರು. ಲಾರಿ ನಿಂತಿತ್ತು, ಬ್ರೇಕ್ ಹಿಡಿದೆ, ಕೈಗೇ ಬಂತು ಎಂದಳು. ಇವರು ಯಾವ ಪತ್ರಿಕೆಯವರು ಎಂದು ತಿಳಿದಾಗ ಆಕೆಯ ಮುಖ ಅರಳಿತು.

"ಅಯ್ಯೋ, ನಮ್ ಕ್ಯಾಂಟೀನ್‌ಗೆ ನಿಮ್ ಪೇಪರ್ರೇ ಬರೋದು ಸಾರ್. ದೀಪಾವಳಿ ಪೇಪರಂತೂ ಪೂರ್ತಿ ಓದಿದ್ದೆ. ಅದ್ರಲ್ಲಿ ನನ್ ಗಾಡಿ ಚಿತ್ರ ದೊಡ್ಡದಾಗಿ ಬಂದಿತ್ತು. ನಂದೂ ಇದೇ ಗಾಡಿ ಅಂತ ಎಲ್ರಿಗೂ ತೋರ್ಸಿದ್ದೆ."

ಇವರು ಎದ್ದು ಹೊರಗೆ ಬಂದರು. ಮೆಟ್ಟಿಲು ಇಳಿಯುವಾಗ ಕೊಡೆಯನ್ನು ಗೋಡೆಗೆ ಬಡಿದರು. ಅದರ ಕಡ್ಡಿ ಮುರಿಯಿತು. ಆಸ್ಪತ್ರೆಯ ಕಾವಲುಗಾರ ಯಾಕ್ ಸ್ವಾಮಿ ಎಂದು ಗದರಿದ. "ಓದಿದ್ಳಂತೆ ಕಣಮ್ಮ," ಎಂದು ನನ್ನ ಕಡೆ ತಿರುಗಿ ಅಂದರು. "ಪೂರ್ತಿ ಓದಿದ್ಳಂತೆ." ಆ ಮುಖವನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಅಲ್ಲಿಂದ ಸೀದಾ ಕಚೇರಿಗೆ ಬಂದು ಆ ಲೇಖನ ಹಾಕಿದರೆ ಮಾತ್ರ ಇನ್ನು ಮುಂದೆ ಬರೆಯುತ್ತೇನೆ ಎಂದು ಮಾಲೀಕರಿಗೆ ಹೇಳಿ ಹೊರಟುಹೋದರು. ಮಾಲೀಕರು ಹಾಕಲಿಲ್ಲ. ಕಂಪನಿಯವರು ಕೊಟ್ಟದ್ದನ್ನು ಕೊಟ್ಟ ಹಾಗೇ ಅಚ್ಚು ಹಾಕಿಕೊಂಡು ವಾಹನ ಪುಟ ನಡೆದುಕೊಂಡು ಹೋಯಿತು. ಸವಿತಾಳ ಕೈ ಈಗಲೂ ಪೂರ್ತಿ ಮಡಚುವುದಿಲ್ಲ. ಕಾರ್ಖಾನೆಯವರು ಕೆಲಸಕ್ಕೆ ಬೇಡ ಎಂದಿದ್ದಾರೆ.

ಈ ವರ್ಷದ ಆಯುಧಪೂಜೆಗೆ ವಾರವಿರುವಾಗ ಕುಣಿಗಲ್‌ನ ಮನೆಯಲ್ಲಿ ಬೆಳಿಗ್ಗೆ ಕಾಫಿ ಕುಡಿದು ಕೂತಿದ್ದವರು ಹಾಗೇ ಹೋಗಿಬಿಟ್ಟರು. ಎದೆನೋವು ಅಂದರಂತೆ, ಅಷ್ಟೇ. ಮಾರನೆಯ ದಿನ ಆ ಜಾಹೀರಾತು. ಅಚ್ಚಾಗದೆ ಕಚೇರಿಯ ಕಂಪ್ಯೂಟರಿನಲ್ಲಿ ಉಳಿದಿದ್ದ ಫೋಟೋವನ್ನು ನಮ್ಮ ಜಾಹೀರಾತು ವಿಭಾಗದವರೇ ಶೋರೂಮಿಗೆ ತೆಗೆದುಕೊಟ್ಟಿದ್ದರು. ನಾನು ಪತ್ರಿಕೆಯನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಅಕ್ಕನಿಗೆ, ಅಂದರೆ ಅವರ ಹೆಂಡತಿಗೆ, ತೋರಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿದೆ. ಹೋಗಿ ನೋಡಿದರೆ ಅವರ ಮುಂದೆ ಆಗಲೇ ಪತ್ರಿಕೆ ಬಿಚ್ಚಿಕೊಂಡಿತ್ತು. ಅಕ್ಕ ಅಳುತ್ತಿರಲಿಲ್ಲ.

"ಇವ್ರ ಕೈ ಎಲ್ಲಮ್ಮ?" ಎಂದರು. "ಆ ಫೋಟೋ ನಂಗೂ ತೋರ್ಸಿದ್ರು. ಕೈ ಇತ್ತು. ಪೂರ್ತಿ ಫೋಟೋ ನಿನ್ ಹತ್ರ ಐತಾ?"

"ಐತೆ ಅಕ್ಕ. ಬರ್ದಿದ್ದೂ ಐತೆ."

"ಹಂಗಾದ್ರೆ ನಾವೂ ಒಂದು ಶ್ರದ್ಧಾಂಜಲಿ ಹಾಕಣ. ನಮ್ಮನೆ ಸಾವು, ನಾವ್ ಹಾಕ್ಬಾರ್ದಾ?"

ನಮ್ಮ ಕಡೆ ಯಾರು ಸತ್ತರೂ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸನ್ನು ರಾತ್ರೋರಾತ್ರಿ ಹರಿದುಹಾಕುವವರೂ ಸತ್ತವರ ಫ್ಲೆಕ್ಸನ್ನು ಹನ್ನೊಂದನೇ ದಿನದ ಕಾರ್ಯ ಆಗುವವರೆಗೆ ಮುಟ್ಟುವುದಿಲ್ಲ. ಮುಟ್ಟಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ಹೆದರಿಕೆ. ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ನಾನು ಗುಬ್ಬಿಯ ಅಂಗಡಿಯೊಂದರಲ್ಲಿ ಕೂತು ಫ್ಲೆಕ್ಸ್ ಮಾಡಿದೆ. ಪೂರ್ತಿ ಫೋಟೋ, ಚಾಚಿದ ಕೈ, ಮುರಿದ ಲಿವರ್. ಮೇಲೆ 'ಶ್ರದ್ಧಾಂಜಲಿ'. ಕೆಳಗೆ ಅವರದೇ ಮಾತು: 'ಮುಂದಿನ ಬ್ರೇಕ್ ಹಿಡಿದು ನೋಡಿ. ಲಿವರಿನ ಬುಡದಲ್ಲಿ ಬಿರುಕು ಕಂಡರೆ ಗಾಡಿ ಓಡಿಸಬೇಡಿ, ತಳ್ಳಿಕೊಂಡು ಹೋಗಿ.' ಕೊನೆಯಲ್ಲಿ 'ಇದು ಅವರ ಅಚ್ಚಾಗದ ಲೇಖನದಿಂದ'. ಕಂಪನಿಯ ಹೆಸರು ಹಾಕಲಿಲ್ಲ, ಬೇಕಾಗಲೂ ಇಲ್ಲ. ಫೋಟೋದಲ್ಲಿ ಅವರ ಹಿಂದೆ ಆ ಸ್ಕೂಟರ್ ಬಾಳೆಕಂದು ಕಟ್ಟಿಕೊಂಡು ನಿಂತಿತ್ತು. ಅಕ್ಕನ ತಮ್ಮ ಅದನ್ನು ತಂದು ತುಮಕೂರಿನಲ್ಲಿ ಶೋರೂಮಿನ ನೇರ ಎದುರಿಗೆ, ಸಿಗ್ನಲ್ ಪಕ್ಕ ಕಟ್ಟಿಸಿದ. ಅಲ್ಲಿನ ಆಟೋ ಸ್ಟ್ಯಾಂಡಿನವರು ಯಾರೂ ಹೇಳದೆಯೇ ಹಾರ ಹಾಕಿ ಊದುಬತ್ತಿ ಹಚ್ಚಿದರು.

ಹಬ್ಬದ ಹಿಂದಿನ ದಿನ ಮಾಲೀಕರು ನನ್ನನ್ನು ಕರೆಸಿದರು. ಮುಖ ಕೆಂಪಗಾಗಿತ್ತು.

"ಅದನ್ನ ಮಾಡಿದ್ದು ನೀನಾ?"

"ಹೌದು ಸಾರ್."

"ಶೋರೂಮ್ನೋರು ಬೆಳಿಗ್ಗೆಯಿಂದ ಫೋನ್ ಮಾಡ್ತಾವ್ರೆ. ಹಬ್ಬದ ಡೆಲಿವರಿ ಟೈಮು. ತೆಗೆಸ್ಬುಡು."

"ಕಟ್ಸಿರೋದು ಅವ್ರ ಹೆಂಡ್ತಿ ಸಾರ್. ಕುಣಿಗಲ್‌ಗೆ ಹೋಗಿ ಕೇಳ್ಕೊಳ್ಳಿ, ನಿಮ್ ಗಂಡನ ಶ್ರದ್ಧಾಂಜಲಿ ಕಿತ್ತಾಕ್ತೀವಿ ಅಂತ."

"ಸಾವಿನ ಮನೆಗೆ ಹೋಗಿ ಹಂಗ್ ಕೇಳಕ್ಕಾಗುತ್ತೇನಮ್ಮ?"

"ಶೋರೂಮ್ನೋರೇ ಹೋಗ್ಲಿ ಬುಡಿ ಸಾರ್. ಅವ್ರು ಹಿತೈಷಿಗಳಲ್ವಾ?"

ಈ ತಿಂಗಳು ಮುಗಿದ ಮೇಲೆ ಬರುವುದು ಬೇಡ ಎಂದರು. ಆಗಲಿ ಎಂದೆ. ಅಲ್ಲಿಂದ ಎದ್ದು ಬರುವಾಗ ನನಗೆ ಬೇಜಾರೇನೂ ಆಗಲಿಲ್ಲ. ಸಿಟ್ಟು ಮಾತ್ರ ಇತ್ತು, ಈಗಲೂ ಇದೆ. ಬರೆದದ್ದನ್ನು ಆಗಲೇ ಅಚ್ಚು ಹಾಕಿದ್ದರೆ ಆ ಹೆಂಗಸಿನ ಕೈ ನೆಟ್ಟಗಿರುತ್ತಿತ್ತು. ಇವರು ಕೈ ಚಾಚಿ ತೋರಿಸಿದ್ದಕ್ಕೆ ಇವರ ಕೈಯನ್ನೇ ಕತ್ತರಿಸುವ ಜನ, ಮತ್ತೆ ಅದಕ್ಕೆ ಹಾರ ಬೇರೆ.

ಆಯುಧಪೂಜೆಯ ದಿನ ಗುಡಿಗೆ ಹೋಗದೆ ನಾನು ಆ ಸಿಗ್ನಲ್ಲಿನ ಹತ್ತಿರ ಹೋಗಿ ನಿಂತೆ. ಎದುರಿನ ಶೋರೂಮಿನಿಂದ ಹಾರ ಹಾಕಿದ ಹೊಸ ಸ್ಕೂಟರುಗಳು ಹೊರಗೆ ಬರುತ್ತಿದ್ದವು. ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಅವರ ಕಿವುಚಿದ ಮುಖ ಮತ್ತು ಆ ಕೈ. ಶೋರೂಮಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ರಸ್ತೆ ದಾಟಿ ಬರುವ ಧೈರ್ಯ ಮಾಡಲಿಲ್ಲ.

ಕೆಂಪು ದೀಪ ಬಿತ್ತು. ಕಾರ್ಖಾನೆಯ ನೀಲಿ ಕೋಟು ತೊಟ್ಟ ಒಬ್ಬ ಹೆಂಗಸು ಸ್ಕೂಟರ್ ನಿಲ್ಲಿಸಿ ತಲೆ ಎತ್ತಿದಳು. ತುಟಿ ಅಲ್ಲಾಡಿಸಿಕೊಂಡು ಓದಿದಳು. ಬಲಗೈ ಬ್ರೇಕನ್ನು ಒಮ್ಮೆ ಹಿಡಿದು ಬಿಟ್ಟಳು, ಬಗ್ಗಿ ನೋಡಿದಳು, ಬೆರಳಿನಿಂದ ಧೂಳು ಒರೆಸಿ ಮತ್ತೆ ನೋಡಿದಳು. ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಆಕೆ ಹತ್ತಿದ್ದ ಗಾಡಿಯಿಂದ ಇಳಿದಳು. ಪಕ್ಕದಲ್ಲಿ ಅಂಥದ್ದೇ ಸ್ಕೂಟರ್ ಮೇಲೆ ಹೊರಡುತ್ತಿದ್ದ ಅಪರಿಚಿತನೊಬ್ಬನ ಕಡೆ ತಿರುಗಿ, ಹಾರ್ನಿನ ಸದ್ದನ್ನೂ ಮೀರಿ ಕೂಗಿದಳು.

"ಅಣ್ಣ, ನಿಲ್ಲಣ್ಣ, ನಿಂದೂ ಇದೇ ಗಾಡಿ ಅಲ್ವಾ? ಒಂದ್ಸಲ ಬ್ರೇಕ್ ನೋಡ್ಕೊಂಡೋಗು."

ಅವನು ನಿಂತ.